ಮಧ್ಯಮ ಗಾತ್ರದ ಪಿಕಪ್‌ಗೆ ಯಾವ ಸಣ್ಣ ಕ್ಯಾಂಪಿಂಗ್ ಟ್ರೈಲರ್ ಒಗ್ಗುತ್ತದೆ?

ಹಾದಿಹೋಕ:

ನಮ್ಮದು ನಾಲ್ಕು ಬಾಗಿಲಿನ ಮಧ್ಯಮ ಗಾತ್ರದ ಪಿಕಪ್. ಎಳೆಯುವ ಸಾಮರ್ಥ್ಯ 3,400 ಕಿಲೋ ಎಂದು ಅದರ ಕೈಪಿಡಿಯಲ್ಲಿದೆ. ಮನೆಯಲ್ಲಿ ನಾವಿಬ್ಬರು ಮತ್ತು ಶಾಲೆಗೆ ಹೋಗುವ ಮಗಳು. ಇಷ್ಟು ದಿನ ಡೇರೆಯಲ್ಲೇ ಉಳಿಯುತ್ತಿದ್ದೆವು. ಇನ್ನು ಮೇಲೆ ನೆಲದ ತೇವ ಮತ್ತು ನಡುರಾತ್ರಿಯ ಗಾಳಿಯಿಂದ ಬಿಡುಗಡೆ ಬೇಕೆಂದು ಸಣ್ಣ ಟ್ರೈಲರ್ ಕೊಳ್ಳುವ ಯೋಚನೆ ಮಾಡಿದ್ದೇವೆ.

ಮೂರು ಬಗೆಯವು ಕಣ್ಣಿಗೆ ಬಿದ್ದಿವೆ. ಒಂದು, ಮಡಚಿ ಎಳೆದೊಯ್ದು ತಂಗಿದ ಜಾಗದಲ್ಲಿ ಬಿಡಿಸಿಕೊಳ್ಳುವ ಬಟ್ಟೆಯ ಗೋಡೆಯದು. ಎರಡನೆಯದು ಸುಮಾರು ಐದು ಮೀಟರ್ ಉದ್ದದ, ಮೊಟ್ಟೆಯಾಕಾರದ ಫೈಬರ್‌ಗ್ಲಾಸ್ ಟ್ರೈಲರ್. ಮೂರನೆಯದು ಆರು ಮೀಟರ್ ಉದ್ದದ ಚೌಕಾಕಾರದ್ದು. ಸ್ನಾನದ ಕೋಣೆ, ಮಗಳಿಗೆ ಪ್ರತ್ಯೇಕ ಮಂಚ, ದೊಡ್ಡ ಅಡುಗೆ ಕಟ್ಟೆ ಎಲ್ಲವೂ ಅದರಲ್ಲಿವೆ. ಈ ಮೂರನೆಯದರ ಖಾಲಿ ತೂಕ 1,600 ಕಿಲೋ ಎಂದು ಮಾರುವವರು ಹೇಳುತ್ತಾರೆ. ನಮ್ಮ ಪಿಕಪ್‌ನ ಸಾಮರ್ಥ್ಯದ ಅರ್ಧವೂ ಆಗದ ಕಾರಣ ಅದನ್ನೇ ಕೊಳ್ಳೋಣವೆಂದು ಮನಸ್ಸು ವಾಲಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ತಕ್ಕಡಿ:

ಹಾದಿಹೋಕ ಅವರೇ, 3,400 ಎಂಬ ಅಂಕಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮಧ್ಯಮ ಗಾತ್ರದ ಪಿಕಪ್‌ಗಳಲ್ಲಿ ಎಳೆಯುವ ಶಕ್ತಿ ಮುಗಿಯುವುದಕ್ಕೆ ಬಹಳ ಮೊದಲೇ ಹೊರುವ ಶಕ್ತಿ ಮುಗಿಯುತ್ತದೆ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅಮೆರಿಕದ ಮಾರುಕಟ್ಟೆಗೆ ಬಂದ ವಾಹನವಾದರೆ, ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಮೀರಬಾರದು ಎಂಬುದನ್ನು ಅದರಲ್ಲೇ ನೇರವಾಗಿ ಮುದ್ರಿಸಿರುತ್ತಾರೆ. ಅದೇ ಪೇಲೋಡ್. ಒಂದೇ ಮಾದರಿಯ ಎರಡು ಪಿಕಪ್‌ಗಳಲ್ಲೂ ಈ ಅಂಕಿ ಬೇರೆಯಿರಬಹುದು, ಏಕೆಂದರೆ ಫೋರ್ ವೀಲ್ ಡ್ರೈವ್, ಚರ್ಮದ ಸೀಟು, ಸನ್‌ರೂಫ್ ಎಂದು ಸೇರಿಸುತ್ತ ಹೋದಂತೆ ಅವುಗಳ ತೂಕವೆಲ್ಲ ಇದರಿಂದಲೇ ಕಳೆಯುತ್ತದೆ. ಆದ್ದರಿಂದ ಜಾಹೀರಾತಿನ ಅಂಕಿಯನ್ನು ನಂಬದೆ ನಿಮ್ಮ ವಾಹನದ ಚೀಟಿಯನ್ನೇ ಓದಬೇಕು. ಯುರೋಪಿನ ದಾಖಲೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ಅಲ್ಲಿ ವಾಹನದ ಸ್ವಂತ ತೂಕದಲ್ಲೇ ಚಾಲಕನಿಗೆಂದು 75 ಕಿಲೋ ಸೇರಿಸಿರುತ್ತಾರೆ, ಅಮೆರಿಕದ ಚೀಟಿಯಲ್ಲಿ ಚಾಲಕನೂ ಪೇಲೋಡ್‌ನ ಲೆಕ್ಕಕ್ಕೇ ಬರುತ್ತಾನೆ.

ಟ್ರೈಲರ್‌ನ ಮೂತಿ ಪಿಕಪ್‌ನ ಕೊಂಡಿಯ ಮೇಲೆ ಹಾಕುವ ಭಾರವೂ ಪೇಲೋಡ್‌ನಿಂದಲೇ ಕಳೆಯುತ್ತದೆ. ಇದನ್ನು ಕೊಂಡಿಭಾರ ಎಂದು ಕರೆಯುತ್ತೇನೆ. ಉತ್ತರ ಅಮೆರಿಕದ ರೂಢಿಯಲ್ಲಿ ಇದು ಟ್ರೈಲರ್‌ನ ತುಂಬಿದ ತೂಕದ ಶೇಕಡ 10ರಿಂದ 15ರಷ್ಟಿರಬೇಕು. ಯುರೋಪಿನಲ್ಲಿ ಶೇಕಡ 4ರಿಂದ 7ರಷ್ಟರಲ್ಲೇ ಸಾಗಿಸುತ್ತಾರಾದರೂ ಅಲ್ಲಿಯ ಟ್ರೈಲರ್‌ಗಳನ್ನು ಕಟ್ಟುವ ಕ್ರಮವೇ ಬೇರೆ, ವೇಗದ ಮಿತಿಯೂ ಕಡಿಮೆ. ಜರ್ಮನಿಯಲ್ಲಿ ವಿಶೇಷ ಅನುಮತಿಯಿಲ್ಲದ ಟ್ರೈಲರ್ ಗಂಟೆಗೆ 80 ಕಿ.ಮೀ. ದಾಟುವಂತಿಲ್ಲ. ಒಂದು ಕಡೆಯ ಟ್ರೈಲರ್‌ಗೆ ಇನ್ನೊಂದು ಕಡೆಯ ಶೇಕಡಾವಾರನ್ನು ಹಚ್ಚಬಾರದು.

ಕೊಂಡಿಭಾರ ಕಡಿಮೆಯಾದರೆ ಏನಾಗುತ್ತದೆ ಎಂದರೆ, ಎತ್ತಿನ ಗಾಡಿಯಲ್ಲಿ ಹೇರು ಹಿಂದಕ್ಕೆ ಬಿದ್ದಾಗ ನೊಗ ಎತ್ತಿನ ಹೆಗಲಿನಿಂದ ಮೇಲೇಳುವ ಹಾಗೆ ಟ್ರೈಲರ್‌ನ ಮೂತಿ ಹಗುರಾಗುತ್ತದೆ. ಎದುರಿನ ಲಾರಿ ಹಾದುಹೋದ ಗಾಳಿಗೋ ಇಳಿಜಾರಿನ ವೇಗಕ್ಕೋ ಟ್ರೈಲರ್ ಅತ್ತಿತ್ತ ಓಲಾಡತೊಡಗಿ, ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗಬಹುದು.

ನಿಮ್ಮ ಚೀಟಿಯ ಅಂಕಿ, ನಿಮ್ಮೆಲ್ಲರ ತೂಕ, ಪಿಕಪ್‌ನ ಹಿಂಭಾಗದಲ್ಲಿ ಏನೇನಿರುತ್ತದೆ ಎಂಬುದನ್ನು ತಿಳಿಸಿದರೆ ಲೆಕ್ಕ ಹಾಕೋಣ.

ಹಾದಿಹೋಕ:

ಚೀಟಿಯಲ್ಲಿರುವುದು 550 ಕಿಲೋ. ನಾನು 80, ಮನೆಯವರು 65, ಮಗಳು 35 ಕಿಲೋ. ಹಿಂಭಾಗಕ್ಕೆ ಫೈಬರ್ ಮುಚ್ಚಳ ಹಾಕಿಸಿದ್ದೇವೆ. ಅದರ ತೂಕ 80 ಕಿಲೋ ಎಂದು ಬಿಲ್ಲಿನಲ್ಲೇ ಇದೆ. ಅದರೊಳಗೆ ಕುರ್ಚಿ, ಮೇಜು, ಉಪಕರಣ, ಮಗಳ ಸೈಕಲ್ ಎಲ್ಲ ಸೇರಿ 90 ಕಿಲೋ ಆಗಬಹುದು.

ತಕ್ಕಡಿ:

ಮೂವರು ಸೇರಿ 180, ಮುಚ್ಚಳ 80, ಸಾಮಾನು 90, ಹಿಚ್‌ನ, ಅಂದರೆ ಟ್ರೈಲರನ್ನು ಪಿಕಪ್‌ಗೆ ಜೋಡಿಸುವ ಉಪಕರಣಕ್ಕೆ 35 ಎಂದುಕೊಂಡರೆ ಒಟ್ಟು 385 ಕಿಲೋ. ಉಳಿಯುವುದು 165. ಕೊಂಡಿಭಾರ ಶೇಕಡ 12 ಎಂದು ಹಿಡಿದರೆ ನೀವು ಎಳೆಯಬಹುದಾದ ಟ್ರೈಲರ್‌ನ ತೂಕ, ಅದೂ ತುಂಬಿದ ತೂಕ, 1,375 ಕಿಲೋ. 3,400ಕ್ಕೂ 1,375ಕ್ಕೂ ಇರುವ ಅಂತರವನ್ನು ನೋಡಿ. ಕೈಪಿಡಿ ಸುಳ್ಳು ಹೇಳುತ್ತಿಲ್ಲ. ಅಮೆರಿಕದ ತಯಾರಕರು ಅನುಸರಿಸುವ ಎಸ್‌ಎಇ ಜೆ2807 ಮಾನದಂಡ ಅಂಕಿ ಹೇಳುವುದು ತಲಾ 68 ಕಿಲೋದ ಇಬ್ಬರನ್ನು ಕೂರಿಸಿಕೊಂಡ, ಬಹುಪಾಲು ಖಾಲಿಯಿರುವ ವಾಹನಕ್ಕೆ. ಆ ಪರೀಕ್ಷೆ ಕಠಿಣವಾದದ್ದೇ. ಅರಿಜೋನಾದ ಡೇವಿಸ್ ಡ್ಯಾಮ್ ಏರುದಾರಿಯನ್ನು ಏಸಿ ಹಾಕಿಕೊಂಡೇ ಗಂಟೆಗೆ 64 ಕಿ.ಮೀ.ಗಿಂತ ಕೆಳಗಿಳಿಯದೆ ಹತ್ತಿ ತೋರಿಸಬೇಕು. ಆದರೆ ಅದು ಎಂಜಿನ್, ಗೇರ್‌ಬಾಕ್ಸ್, ಬ್ರೇಕುಗಳ ಪರೀಕ್ಷೆಯೇ ಹೊರತು ಮುಚ್ಚಳವನ್ನೂ ಸೈಕಲನ್ನೂ ಹೊತ್ತ ಕುಟುಂಬದ ಪಿಕಪ್‌ನ ಪರೀಕ್ಷೆಯಲ್ಲ.

ಈಗ ಆ ಆರು ಮೀಟರ್‌ನದನ್ನು ತೂಗೋಣ. ಖಾಲಿ ತೂಕದಲ್ಲಿ ನೀರು, ಗ್ಯಾಸ್, ಬ್ಯಾಟರಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಹೆಚ್ಚುವರಿಯಾಗಿ ಕೂರಿಸಿದ ಏಸಿ, ಮೇಲ್ಕಟ್ಟು ಕೂಡ ಎಷ್ಟೋ ಸಲ ಸೇರಿರುವುದಿಲ್ಲ. ನೂರು ಲೀಟರ್ ನೀರು ನೂರು ಕಿಲೋ. ಒಂಬತ್ತು ಕಿಲೋ ಗ್ಯಾಸ್ ಹಿಡಿಯುವ ಉಕ್ಕಿನ ಸಿಲಿಂಡರ್ ತುಂಬಿದಾಗ 17 ಕಿಲೋ ತೂಗುತ್ತದೆ, ಅಂಥವು ಎರಡು. ನೂರು ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ ಹತ್ತಿರ ಹತ್ತಿರ 30 ಕಿಲೋ. ಹಾಸಿಗೆ, ಪಾತ್ರೆ, ಬಟ್ಟೆಗಳೂ ಸೇರಿದರೆ 1,600 ಇದ್ದದ್ದು 1,900 ದಾಟುತ್ತದೆ, ಕೊಂಡಿಭಾರ 230 ಕಿಲೋಗೆ ಏರುತ್ತದೆ. ನಿಮ್ಮಲ್ಲಿ ಉಳಿದಿರುವುದು 165.

ಕೊಂಡಿ ಇರುವುದು ಹಿಂದಿನ ಅಚ್ಚಿನಿಂದಲೂ ಹಿಂದೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 3.2 ಮೀಟರ್, ಹಿಂದಿನ ಅಚ್ಚಿನಿಂದ ಕೊಂಡಿಗೆ 1.25 ಮೀಟರ್ ಎಂದುಕೊಳ್ಳಿ. ಕೊಂಡಿಯ ಮೇಲೆ 165 ಕಿಲೋ ಹಾಕಿದರೆ ಹಿಂದಿನ ಅಚ್ಚಿನ ಮೇಲೆ ಸುಮಾರು 229 ಕಿಲೋ ಬೀಳುತ್ತದೆ, ಮುಂದಿನ ಅಚ್ಚಿನಿಂದ 64 ಕಿಲೋ ಎತ್ತಿಹೋಗುತ್ತದೆ. ಸ್ಟೀರಿಂಗ್ ಹಗುರಾಯಿತು, ಹೆಡ್‌ಲೈಟ್ ಮರದ ತುದಿಗೆ ಹೊಡೆಯುತ್ತಿದೆ ಎಂದು ಜನ ಹೇಳುವುದಕ್ಕೆ ಕಾರಣ ಇದೇ. ಹಿಂದಿನ ಅಚ್ಚಿಗೆಂದು ತಯಾರಕರು ಕೊಟ್ಟಿರುವ ಮಿತಿಯನ್ನೂ, ಹಿಚ್‌ನ ಮೇಲೆ ಮುದ್ರಿಸಿರುವ ಕೊಂಡಿಭಾರದ ಮಿತಿಯನ್ನೂ ಬೇರೆಬೇರೆಯಾಗಿ ನೋಡಬೇಕು. ಇವೆಲ್ಲವುಗಳಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.

ದೊಡ್ಡಮಂಚ:

ತಕ್ಕಡಿ ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಲೆಕ್ಕವೊಂದನ್ನೇ ಹಿಡಿದು ಹೊರಟವರು ಕೊನೆಗೆ ಕುಟುಂಬದವರಿಗೆ ಇಷ್ಟವಾಗದ ಟ್ರೈಲರ್ ತಂದು ಅಂಗಳದಲ್ಲಿ ನಿಲ್ಲಿಸುವುದನ್ನೂ ಕಂಡಿದ್ದೇನೆ. ಹೇರನ್ನು ಕಡಿಮೆ ಮಾಡುವ ದಾರಿಯೂ ಇದೆಯಲ್ಲ. 80 ಕಿಲೋ ಮುಚ್ಚಳವನ್ನು ತೆಗೆದಿಟ್ಟು ಹಗುರವಾದ ಬಟ್ಟೆಯ ಹೊದಿಕೆ ಹಾಕಿದರೆ ಅಷ್ಟೂ ಕೊಂಡಿಭಾರಕ್ಕೆ ಸಿಗುತ್ತದೆ. ನೀರನ್ನು ತಂಗುವ ಜಾಗದ ಹತ್ತಿರವೇ ತುಂಬಿಸಿಕೊಳ್ಳಬಹುದು.

ನಾನು ಹೇಳಬಯಸುವುದು ಒಳಾಂಗಣದ ಬಗ್ಗೆ. ಟ್ರೈಲರ್ ನೋಡಲು ಹೋದಾಗ ಸುಮ್ಮನೆ ಬಾಗಿಲಲ್ಲಿ ನಿಂತು ಇಣುಕಿ ಬರಬೇಡಿ. ಮೂವರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಮಂಚದ ಮೇಲೆ ನಿಜವಾಗಿಯೂ ಮಲಗಿ. ಗೋಡೆಯ ಕಡೆ ಮಲಗಿದವರು ರಾತ್ರಿ ಏಳಬೇಕಾದರೆ ಇನ್ನೊಬ್ಬರನ್ನು ದಾಟಿಕೊಂಡೇ ಬರಬೇಕೇ? ಊಟದ ಮೇಜನ್ನೇ ಪ್ರತಿ ರಾತ್ರಿ ಇಳಿಸಿ ಮಂಚ ಮಾಡಬೇಕಾದರೆ, ಮಗಳು ಮಲಗಿದ ಮೇಲೆ ನೀವಿಬ್ಬರೂ ಎಲ್ಲಿ ಕೂರುತ್ತೀರಿ? ಒಬ್ಬರು ಒಲೆಯ ಮುಂದೆ ನಿಂತಾಗ ಮತ್ತೊಬ್ಬರು ಬಾಗಿಲಿಗೆ ಹೋಗಲು ಸಾಧ್ಯವೇ? ಮಳೆ ಸುರಿಯುವ ಸಂಜೆ ಮೂವರೂ ಒಳಗೇ ಇರಬೇಕಾದಾಗ ಈ ಪ್ರಶ್ನೆಗಳೇ ದೊಡ್ಡವಾಗುತ್ತವೆ. ಹಿಂಬದಿಯ ಮುಚ್ಚಳ ಎತ್ತಿ ಹೊರಗೆ ನಿಂತು ಅಡುಗೆ ಮಾಡುವ ಹನಿಯಾಕಾರದ ಪುಟ್ಟ ಟ್ರೈಲರ್‌ಗಳು ಇಬ್ಬರಿಗೆ ಸೊಗಸು. ಮೂವರಿಗೆ ನಾನಂತೂ ಸೂಚಿಸುವುದಿಲ್ಲ.

ಬಟ್ಟೆಗೋಡೆಯದರ ಪರವಾಗಿಯೂ ಒಂದು ಮಾತು. ಅದರಲ್ಲಿ ಮಲಗುವ ಜಾಗ ಐದು ಮೀಟರ್‌ನ ಗಟ್ಟಿಗೋಡೆಯ ಟ್ರೈಲರ್‌ಗಿಂತಲೂ ಹೆಚ್ಚಿರುತ್ತದೆ. ಆದರೆ ಒದ್ದೆಯಿದ್ದಾಗ ಮಡಚಿದರೆ ಮನೆಗೆ ಬಂದ ಕೂಡಲೇ ಬಿಚ್ಚಿ ಒಣಗಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಅದನ್ನು ಬಿಚ್ಚಿ ಹರಡಲು ಮನೆಯ ಬಳಿ ಜಾಗವಿಲ್ಲದವರು ಅದರ ಗೋಜಿಗೆ ಹೋಗದಿರುವುದು ಒಳ್ಳೆಯದು.

ಇಳಿಜಾರು:

ತೂಕದ ಮಾತು ಆಯಿತು, ಗಾಳಿಯ ಮಾತು ಯಾರೂ ಎತ್ತಿಲ್ಲ. ಚೌಕಾಕಾರದ ಟ್ರೈಲರ್ ಪಿಕಪ್‌ಗಿಂತ ಅಗಲವಾಗಿಯೂ ಎತ್ತರವಾಗಿಯೂ ಇರುತ್ತದೆ. ಪಿಕಪ್‌ನ ಮರೆಯಿಂದ ಹೊರಗೆ ಚಾಚಿದ ಆ ಗೋಡೆಯಷ್ಟೂ ಗಾಳಿಗೆ ಎದೆಯೊಡ್ಡುತ್ತದೆ. ವೇಗ ಗಂಟೆಗೆ 80ರಿಂದ 100 ಕಿ.ಮೀ.ಗೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಅದನ್ನು ಮೀರಲು ಎಂಜಿನ್ ಸುಮಾರು ಎರಡು ಪಟ್ಟು ಶಕ್ತಿ ಕೊಡಬೇಕಾಗುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಇಂಧನವನ್ನು ತಿನ್ನುವುದು ತೂಕಕ್ಕಿಂತ ಹೆಚ್ಚಾಗಿ ಈ ಮುಖದ ವಿಸ್ತೀರ್ಣವೇ. ಕೆಲವು ತಯಾರಕರು ತೂಕದ ಜೊತೆಗೆ ಟ್ರೈಲರ್‌ನ ಮುಂಭಾಗದ ವಿಸ್ತೀರ್ಣಕ್ಕೂ ಕೈಪಿಡಿಯಲ್ಲಿ ಮಿತಿ ಕೊಟ್ಟಿರುತ್ತಾರೆ, ಅದನ್ನು ಹುಡುಕಿ ನೋಡಿ. ಮಡಚುವ ಟ್ರೈಲರ್ ಪಿಕಪ್‌ನ ನೆರಳಲ್ಲೇ ಸಾಗುತ್ತದೆ. ಮೊಟ್ಟೆಯಾಕಾರದ್ದು ಇವೆರಡರ ನಡುವೆ, ದುಂಡು ಮೂಲೆಗಳಿಂದಾಗಿ ಅಡ್ಡಗಾಳಿಗೂ ಅಷ್ಟಾಗಿ ಬೆದರುವುದಿಲ್ಲ.

ಬ್ರೇಕ್ ಇಲ್ಲದ ಟ್ರೈಲರ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಆಸ್ಟ್ರೇಲಿಯಾ, ಯುರೋಪ್‌ಗಳಲ್ಲಿ 750 ಕಿಲೋ ದಾಟಿದ ಟ್ರೈಲರ್‌ಗೆ ತನ್ನದೇ ಬ್ರೇಕ್ ಕಡ್ಡಾಯ. ನಿಮ್ಮ ಕಡೆಯ ನಿಯಮ ಸಡಿಲವಾಗಿದ್ದರೂ ಭೌತಶಾಸ್ತ್ರ ಸಡಿಲವಾಗುವುದಿಲ್ಲ. ವಿದ್ಯುತ್ ಬ್ರೇಕ್ ಇದ್ದರೆ ಚಾಲಕನ ಬಳಿ ಕಂಟ್ರೋಲರ್ ಬೇಕು. ಪಿಕಪ್ ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಎಂಬುದನ್ನು ಅಳೆದು ಅದಕ್ಕೆ ತಕ್ಕಂತೆ ಟ್ರೈಲರ್‌ನ ಬ್ರೇಕ್ ಹಿಡಿಯುವ ಬಗೆಯದನ್ನೇ ಆರಿಸಿ. ಖಾಲಿಯಿರುವ ಸಮತಟ್ಟಾದ ಒಣ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಂಟ್ರೋಲರ್‌ನ ಕೈಹಿಡಿಯನ್ನು ಮಾತ್ರ ಒತ್ತಿ ನೋಡಿ; ಟ್ರೈಲರ್‌ನ ಚಕ್ರಗಳು ಜಾಮ್ ಆಗುವ ಹಂತಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿದರೆ ಹೊಂದಾಣಿಕೆ ಸರಿಯಾಯಿತು. ತುಂಬಿದ ಟ್ರೈಲರ್‌ಗೂ ಖಾಲಿ ಟ್ರೈಲರ್‌ಗೂ ಈ ಹೊಂದಾಣಿಕೆ ಬೇರೆ.

ಅದೇ ಕೈಹಿಡಿ ಓಲಾಟ ಶುರುವಾದಾಗಲೂ ಬೇಕಾಗುತ್ತದೆ. ಆಗ ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ತೆಗೆದು, ಟ್ರೈಲರ್‌ನ ಬ್ರೇಕನ್ನು ಮಾತ್ರ ಒತ್ತಬೇಕು. ಪಿಕಪ್‌ನ ಬ್ರೇಕನ್ನು ತುಳಿದರೆ ಹಿಂದಿನಿಂದ ಟ್ರೈಲರ್ ತಳ್ಳಿಕೊಂಡು ಬರುತ್ತದೆ. ಟ್ರೈಲರ್ ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಾಕುವ ತುರ್ತು ಸ್ವಿಚ್‌ನ ಬ್ಯಾಟರಿಯಲ್ಲಿ ಜೀವವಿದೆಯೇ ಎಂದು ಹೊರಡುವ ಮುನ್ನ ನೋಡುವವರು ಕಡಿಮೆ.

ಹಾದಿಹೋಕ:

ಎಲ್ಲರಿಗೂ ವಂದನೆಗಳು. ಲೆಕ್ಕ ನೋಡಿದ ಮೇಲೆ ಆರು ಮೀಟರ್‌ನದನ್ನು ಕೈಬಿಟ್ಟೆವು. ಭಾರವನ್ನು ಹಂಚುವ ಹಿಚ್ ಹಾಕಿಸಿದರೆ ಅದನ್ನೇ ಎಳೆಯಬಹುದು ಎಂದು ಮಾರುವವರು ಈಗಲೂ ಒತ್ತಾಯಿಸುತ್ತಿದ್ದಾರೆ. ಅದು ನಿಜವೇ? ಬಳಸಿದ ಫೈಬರ್‌ಗ್ಲಾಸ್ ಟ್ರೈಲರ್ ಒಂದು ಮಾರಾಟಕ್ಕಿದೆ. ಅದರ ತುಂಬಿದ ತೂಕದ ಮಿತಿ 1,350 ಕಿಲೋ. ಅದರಲ್ಲಿ ಏನು ಪರೀಕ್ಷಿಸಬೇಕು?

ತಕ್ಕಡಿ:

ಭಾರ ಹಂಚುವ ಹಿಚ್, ಹಿಂದಿನ ಅಚ್ಚಿನ ಮೇಲೆ ಬಿದ್ದದ್ದರಲ್ಲಿ ಒಂದು ಭಾಗವನ್ನು ಮುಂದಿನ ಅಚ್ಚಿಗೂ ಸ್ವಲ್ಪವನ್ನು ಟ್ರೈಲರ್‌ನ ಚಕ್ರಗಳಿಗೂ ಮರಳಿಸುತ್ತದೆ. ಸ್ಟೀರಿಂಗ್‌ಗೆ ಹಿಡಿತ ಬರುತ್ತದೆ, ಹಿಂಭಾಗದ ಕುಸಿತ ತಗ್ಗುತ್ತದೆ. ಪೇಲೋಡ್ ಚೀಟಿಯ ಅಂಕಿ ಮಾತ್ರ ಹಾಗೆಯೇ ಉಳಿಯುತ್ತದೆ. ಸ್ಪ್ರಿಂಗ್ ಬಲಪಡಿಸಿದರೂ ಅದಕ್ಕೆ ಆಸರೆಯಾಗಿ ಗಾಳಿಚೀಲ ಕೂರಿಸಿದರೂ ಇದೇ ಮಾತು. ಕೆಲವು ಪಿಕಪ್‌ಗಳ ಕೈಪಿಡಿಯಲ್ಲಿ ಇಂಥ ಹಿಚ್ ಬಳಸಬಾರದೆಂದೇ ಬರೆದಿರುತ್ತದೆ, ಟ್ರೈಲರ್‌ನ ಚೌಕಟ್ಟೂ ಅದನ್ನು ತಡೆದುಕೊಳ್ಳುವಂತಿರಬೇಕು. ಆದ್ದರಿಂದ ಮಾರುವವರ ಮಾತಿಗಿಂತ ಎರಡೂ ಕೈಪಿಡಿಗಳ ಮಾತು ಕೇಳಿ.

ಹಳೆಬಂಡಿ:

ಫೈಬರ್‌ಗ್ಲಾಸ್ ಎಂದ ಕೂಡಲೇ ನನಗೆ ಸುಮ್ಮನಿರಲಾಗುವುದಿಲ್ಲ. ಈ ಮೊಟ್ಟೆಯಾಕಾರದ ವಂಶದ ಮೂಲಪುರುಷರಲ್ಲಿ ಒಂದು 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಹುಟ್ಟಿದ ಬೋಲರ್. ಅದನ್ನು ರೂಪಿಸಿದ ರೇ ಒಲೆಕೊ ಅದಕ್ಕೂ ಮೊದಲು ಹಗುರವಾದ ಫೈಬರ್‌ಗ್ಲಾಸ್ ಮಲಗುಂಡಿ ತೊಟ್ಟಿಯ ಮೇಲೆ ಕೆಲಸ ಮಾಡಿದ್ದರು. ಈ ಹಿನ್ನೆಲೆಯನ್ನು ಟ್ರೈಲರ್ ಮಾರುವವರು ಏಕೋ ಹೇಳುವುದಿಲ್ಲ. ಮೇಲಿನದೊಂದು ಕೆಳಗಿನದೊಂದು ಎರಡೇ ಚಿಪ್ಪುಗಳನ್ನು ನಡುವಿನಲ್ಲಿ ಬೆಸೆದು ಕಟ್ಟುವುದರಿಂದ ಛಾವಣಿಯ ಅಂಚುಗಳಲ್ಲಿ ಸಂದುಗಳೇ ಇರುವುದಿಲ್ಲ. ಚೌಕಾಕಾರದ ಟ್ರೈಲರ್‌ಗಳನ್ನು ಹಾಳುಮಾಡುವುದು ವಯಸ್ಸಲ್ಲ, ಆ ಸಂದುಗಳಿಂದ ಇಳಿದ ನೀರು.

ಹಾಗೆಂದು ಇವು ಸೋರುವುದೇ ಇಲ್ಲ ಎಂದಲ್ಲ. ಕಿಟಕಿ, ಛಾವಣಿಯ ಗಾಳಿಕಿಂಡಿ, ಒಳಗಿನ ಕಪಾಟುಗಳನ್ನು ಹಿಡಿದಿರುವ ರಿವೆಟ್ಟುಗಳು, ಇಷ್ಟೂ ಕಡೆ ತೂತು ಇದ್ದೇ ಇರುತ್ತದೆ. ಚಿಪ್ಪು ಕೊಳೆಯುವುದಿಲ್ಲ, ನೆಲಕ್ಕೆ ಹಾಕಿದ ಪ್ಲೈವುಡ್ ಕೊಳೆಯುತ್ತದೆ. ಬಾಗಿಲ ಹೊಸ್ತಿಲ ಬಳಿ, ಮಂಚದ ಕೆಳಗಿನ ಮೂಲೆಗಳಲ್ಲಿ, ನೀರಿನ ತೊಟ್ಟಿಯ ಸುತ್ತ ಮಂಡಿಯೂರಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಕುಸಿದರೆ ಒಳಗೆ ಕೆಟ್ಟಿದೆ. ಕಿಟಕಿ ಬಾಗಿಲು ಮುಚ್ಚಿಟ್ಟಿದ್ದ ಟ್ರೈಲರ್‌ನೊಳಗೆ ಕಾಲಿಟ್ಟ ಕ್ಷಣದ ವಾಸನೆಯನ್ನು ನಂಬಿ. ನೀವು ಬರುವ ಮೊದಲೇ ಎಲ್ಲ ಕಿಟಕಿ ತೆರೆದು ಅಗರಬತ್ತಿ ಹಚ್ಚಿಟ್ಟಿದ್ದರೆ ಇನ್ನೊಂದು ದಿನ ಹೇಳದೆ ಹೋಗಿ.

ಆಮೇಲೆ ಕೆಳಗೆ ನುಗ್ಗಬೇಕು. ಮೂತಿಯ ಎರಡು ಉಕ್ಕಿನ ತೋಳುಗಳು ದೇಹದ ಅಡಿಗೆ ಸೇರುವ ಜಾಗದಲ್ಲಿ ಬಿರುಕು ಬಿಟ್ಟು ಮತ್ತೆ ವೆಲ್ಡ್ ಮಾಡಿದ ಗುರುತಿದೆಯೇ? ರಬ್ಬರ್ ತಿರುಚುವ ಬಗೆಯ ಅಚ್ಚಾದರೆ ಚಕ್ರದ ತೋಳು ಒಂದು ಕಡೆ ಜಗ್ಗಿ ಟೈರು ದೇಹಕ್ಕೆ ತಾಗುವಷ್ಟು ಹತ್ತಿರ ಬಂದಿದೆಯೇ? ಬಂದಿದ್ದರೆ ಆ ಅಚ್ಚಿನ ಆಯಸ್ಸು ಮುಗಿದಿದೆ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟೈರಿನ ಬದಿಯಲ್ಲಿ DOT ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಟ್ರೈಲರ್‌ನ ಟೈರು ಸವೆಯುವ ಮೊದಲೇ ಹಳತಾಗುತ್ತದೆ, ಆದ್ದರಿಂದ ಐದಾರು ವರ್ಷ ದಾಟಿದ್ದರೆ ಗೀಟು ಎಷ್ಟೇ ಆಳವಾಗಿರಲಿ ಬದಲಾಯಿಸುವುದು ಮೇಲು. ಚಕ್ರದ ಬೇರಿಂಗ್‌ಗೆ ಹೊಸ ಗ್ರೀಸ್ ತುಂಬಿಸದೆ ದೂರ ಹೊರಡಬೇಡಿ.

ಫ್ರಿಡ್ಜ್ ಗ್ಯಾಸಿನದೋ ಕಂಪ್ರೆಸರಿನದೋ ಕೇಳಿ. ಗ್ಯಾಸಿನಲ್ಲೂ ನಡೆಯುವ ಹಳೆಯ ಬಗೆಯದು ಟ್ರೈಲರ್ ಮಟ್ಟಸವಾಗಿ ನಿಂತಿದ್ದರೆ ಮಾತ್ರ ಸರಿಯಾಗಿ ತಂಪು ಮಾಡುತ್ತದೆ. 12 ವೋಲ್ಟಿನ ಕಂಪ್ರೆಸರಿನದಕ್ಕೆ ಆ ತಗಾದೆಯಿಲ್ಲ, ಆದರೆ ಬ್ಯಾಟರಿಯನ್ನು ಹೀರುತ್ತದೆ.

ಇಳಿಜಾರು:

ಹಿಮ್ಮುಖ ಚಾಲನೆಯ ಬಗ್ಗೆ ಒಂದು ಮಾತು. ಸಣ್ಣದಾದಷ್ಟೂ ಸುಲಭ ಎಂದು ಹಲವರು ನಂಬಿದ್ದಾರೆ, ಇರುವುದು ತಿರುಗಾಮುರುಗಾ. ಮೂತಿಯಿಂದ ಅಚ್ಚಿನವರೆಗಿನ ಉದ್ದ ಕಡಿಮೆಯಾದಷ್ಟೂ ಟ್ರೈಲರ್ ಬೇಗ ಮಡಚಿಕೊಳ್ಳುತ್ತದೆ. ಬಟ್ಟೆಗೋಡೆಯದಂತೂ ಕನ್ನಡಿಯಲ್ಲಿ ಕಾಣುವಷ್ಟರಲ್ಲಿ ತಿರುಗಿ ಹೋಗಿರುತ್ತದೆ. ಸ್ಟೀರಿಂಗ್‌ನ ಕೆಳಭಾಗವನ್ನು ಹಿಡಿದು, ಟ್ರೈಲರ್‌ನ ಹಿಂಭಾಗ ಯಾವ ಕಡೆಗೆ ಹೋಗಬೇಕೋ ಕೈಯನ್ನು ಅದೇ ಕಡೆಗೆ ಸರಿಸುವುದನ್ನು ರೂಢಿಸಿಕೊಳ್ಳಿ.

ಪಿಕಪ್‌ನ ಕೊಂಡಿ ಎತ್ತರದಲ್ಲಿರುತ್ತದೆ, ಮೊಟ್ಟೆಯಾಕಾರದವುಗಳ ಮೂತಿ ತಗ್ಗಿನಲ್ಲಿರುತ್ತದೆ. ಟ್ರೈಲರ್‌ನ ಮೂತಿ ಕೂರುವ ಉಕ್ಕಿನ ಗುಂಡನ್ನು (ಬಾಲ್) ಹಿಡಿದಿರುವ, ಕೆಳಕ್ಕೆ ಬಾಗಿದ ಬಾಲ್ ಮೌಂಟ್ ಹಾಕಿ ಟ್ರೈಲರ್ ಮಟ್ಟಸವಾಗಿ, ಅಥವಾ ಮೂತಿ ಒಂದಿಷ್ಟೇ ತಗ್ಗಿ ನಿಲ್ಲುವಂತೆ ನೋಡಿಕೊಳ್ಳಿ. ಬಾಲ್‌ನ ಅಳತೆ ಟ್ರೈಲರ್‌ನ ಮೂತಿಯ ಮೇಲೆ ಅಚ್ಚಾಗಿರುತ್ತದೆ. 50 ಮಿಲಿಮೀಟರ್‌ನದನ್ನೂ ಎರಡು ಅಂಗುಲದ್ದನ್ನೂ ಒಂದೇ ಎಂದು ಅದಲುಬದಲು ಮಾಡಬಾರದು.

ಹಾದಿಹೋಕ:

ಇಂದು ಹೋಗಿ ನೋಡಿದೆವು. ನೆಲ ಗಟ್ಟಿಯಾಗಿದೆ, ಛಾವಣಿಯ ಕಿಂಡಿಯ ಸುತ್ತ ಮಾತ್ರ ಸೀಲಂಟ್ ಸೀಳಿದೆ. ಟೈರು ಹಳೆಯವು. ಮಗಳು ಮೇಲಿನ ಅಡ್ಡಮಂಚದಲ್ಲಿ ಮಲಗಿ ಇಳಿಯಲೇ ಒಪ್ಪಲಿಲ್ಲ. ನೀರಿನ ತೊಟ್ಟಿ ಅಚ್ಚಿನಿಂದ ಸುಮಾರು ಒಂದು ಮೀಟರ್ ಹಿಂದಿದೆ, 75 ಲೀಟರ್ ಹಿಡಿಯುತ್ತದೆ. ಅದರಿಂದ ತೊಂದರೆಯಾಗುವುದೇ? ಕೊಂಡಿಭಾರವನ್ನು ಅಲ್ಲಿಯೇ ಅಳೆಯುವುದು ಹೇಗೆ?

ತಕ್ಕಡಿ:

ಅಚ್ಚಿನಿಂದ ಕೊಂಡಿಗೆ ನಾಲ್ಕು ಮೀಟರ್ ಎಂದುಕೊಂಡರೆ ತುಂಬಿದ ತೊಟ್ಟಿ ಕೊಂಡಿಭಾರವನ್ನು ಸುಮಾರು 19 ಕಿಲೋ ತಗ್ಗಿಸುತ್ತದೆ. ತೊಟ್ಟಿ ಖಾಲಿಯಿದ್ದಾಗಲೂ ತುಂಬಿದ್ದಾಗಲೂ ಅಳೆದು, ಎರಡೂ ಸಲ ಭಾರ ಶೇಕಡ 10ಕ್ಕಿಂತ ಮೇಲೆ, ನಿಮ್ಮ 165 ಕಿಲೋಗಿಂತ ಕೆಳಗೆ ಇರುವಂತೆ ಸಾಮಾನು ಜೋಡಿಸಿ. ಭಾರದ ಪೆಟ್ಟಿಗೆಗಳನ್ನು ಅಚ್ಚಿನ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ ಇಡಿ. ಸೈಕಲನ್ನು ಟ್ರೈಲರ್‌ನ ಹಿಂಬದಿಗೆ ತೂಗುಹಾಕಬೇಡಿ.

ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಮೊದಲು ಟ್ರೈಲರ್‌ನ ಚಕ್ರಗಳಿಗೆ ಎರಡೂ ಕಡೆ ತಡೆ ಕೊಡಿ. ಒಂದು ಗಟ್ಟಿ ಮರದ ತೊಲೆಯ ಒಂದು ತುದಿಯನ್ನು ಯಂತ್ರದ ಮೇಲೂ ಇನ್ನೊಂದನ್ನು ಅಷ್ಟೇ ಎತ್ತರದ ಇಟ್ಟಿಗೆಯ ಮೇಲೂ ಇಡಿ. ಎರಡೂ ಆಸರೆಗಳ ನಡುವೆ 90 ಸೆಂಟಿಮೀಟರ್ ಇರಲಿ. ಟ್ರೈಲರ್‌ನ ಮೂತಿಯ ಜಾಕನ್ನು ಇಟ್ಟಿಗೆಯಿಂದ 30 ಸೆಂಟಿಮೀಟರ್ ದೂರದಲ್ಲಿ ತೊಲೆಯ ಮೇಲೆ ಇಳಿಸಿ. ಯಂತ್ರ ತೋರಿಸುವ ತೂಕವನ್ನು ಮೂರರಿಂದ ಗುಣಿಸಿದರೆ ಕೊಂಡಿಭಾರ ಬರುತ್ತದೆ. ಟ್ರೈಲರ್ ಮಟ್ಟಸವಾಗಿರಬೇಕು, ತೊಲೆಯೊಂದೇ ಇದ್ದಾಗ ಯಂತ್ರ ತೋರಿಸುವ ತೂಕವನ್ನು ಮೊದಲೇ ನೋಡಿಕೊಂಡು ಗುಣಿಸುವ ಮುನ್ನ ಕಳೆಯಬೇಕು. ಒಟ್ಟು ತೂಕಕ್ಕೆ ವೇಬ್ರಿಡ್ಜ್‌ಗೆ ಹೋಗಿ. ಮೂವರೂ ಕುಳಿತು, ಸಾಮಾನು ತುಂಬಿಕೊಂಡು, ಮೊದಲು ಪಿಕಪ್‌ನ ಹಿಂದಿನ ಅಚ್ಚನ್ನೂ ಆಮೇಲೆ ಟ್ರೈಲರ್‌ನ ಅಚ್ಚನ್ನೂ ಬೇರೆಬೇರೆ ತೂಗಿಸಿ ಚೀಟಿ ತೆಗೆದುಕೊಳ್ಳಿ.

ಹಳೆಬಂಡಿ:

ಸೀಲಂಟ್ ಸೀಳಿದ್ದಕ್ಕೆ ಹೆದರಬೇಡಿ, ಆದರೆ ಹಳೆಯದರ ಮೇಲೆಯೇ ಹೊಸದನ್ನು ಮೆತ್ತಬೇಡಿ. ಪೂರ್ತಿ ಕೆರೆದು ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಬ್ಯೂಟೈಲ್ ಟೇಪ್ ಎಂಬ ರಬ್ಬರಿನಂಥ ಅಂಟುಪಟ್ಟಿ ಇಟ್ಟು ಕಿಂಡಿಯನ್ನು ಕೂರಿಸಬೇಕು. ಸಿಲಿಕೋನ್ ಬೇಡ; ಒಮ್ಮೆ ಹಚ್ಚಿದರೆ ಮುಂದೆ ಬೇರೆ ಯಾವುದೂ ಅಲ್ಲಿ ಹಿಡಿಯುವುದಿಲ್ಲ. ಟೈರು ಎರಡರ ಜೊತೆಗೆ ಸ್ಟೆಪ್ನಿಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಬೆಲೆ ಮಾತಾಡಿ.